ಕಾಡಂಚಿನ ಊರುಗಳಿಗೊಂದು ಸಣ್ಣ ನಿಧಿ ಕೊಡಿ

ಮಾನ್ಯ ಅರಣ್ಯ ಮತ್ತು ಪರಿಸರ ಸಚಿವರಿಗೆ,



2025ರ ಜೂನ್‌ನಲ್ಲಿ ನಮ್ಮ ಹನೂರು ತಾಲ್ಲೂಕಿನ ಹೂಗ್ಯಂ ವಲಯದಲ್ಲಿ ತಾಯಿ ಹುಲಿಯೂ ಅದರ ನಾಲ್ಕು ಮರಿಗಳೂ ಸತ್ತವು. ಹುಲಿ ಹಿಡಿದ ಹಸುವಿನ ಕಳೇಬರಕ್ಕೆ ಯಾರೋ ವಿಷ ಹಾಕಿದ್ದರು. ತಪ್ಪಿಗೆ ಶಿಕ್ಷೆ ಆಗಲೇಬೇಕು. ಆದರೆ ಹಸು ಸತ್ತ ದಿನವೇ ಊರಿನ ನಾಲ್ಕು ಜನ ಹಸು ಕಳೆದುಕೊಂಡವರ ಮನೆಗೆ ಹೋಗಿ, ಸರ್ಕಾರದ ಪರಿಹಾರ ಬರುವವರೆಗೆ ಇಟ್ಟುಕೋ ಎಂದು ಒಂದಿಷ್ಟು ದುಡ್ಡು ಕೈಗಿಟ್ಟು, ಸಮಾಧಾನ ಹೇಳಿ ಬರುವಂತಿದ್ದರೆ? ಅಂಥ ಕೆಲಸಕ್ಕೆ ಮನಸ್ಸಿರುವವರು ನಮ್ಮಲ್ಲಿದ್ದಾರೆ, ಕೈಯಲ್ಲಿ ಕಾಸಿಲ್ಲ.

ನಾನು ಕೇಳುತ್ತಿರುವುದು ಕೋಟಿಗಳ ಪ್ಯಾಕೇಜಲ್ಲ, ಇಂಥ ಕೆಲಸಗಳಿಗೆ ಒಂದು ಸಣ್ಣ ನಿಧಿ. ಸಣ್ಣದೂ ಕಾಡಿಗೆ ದೊಡ್ಡದಾಗಬಲ್ಲದು. ಬಿಳಿಗಿರಿರಂಗನ ಬೆಟ್ಟಕ್ಕೂ ಮಲೆ ಮಹದೇಶ್ವರ ಬೆಟ್ಟಕ್ಕೂ ನಡುವಿನ ಎಡೆಯಾರಹಳ್ಳಿ–ದೊಡ್ಡಸಂಪಿಗೆ ಆನೆ ದಾರಿಯಲ್ಲಿ ಸುಮಾರು 25 ಎಕರೆ ಖಾಸಗಿ ಜಮೀನನ್ನು ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ದಾನಿಗಳ ನೆರವಿನಿಂದ ಕೊಂಡು ಅರಣ್ಯ ಇಲಾಖೆಗೆ ಒಪ್ಪಿಸಿತ್ತು. 25 ಎಕರೆ ಕಡತದಲ್ಲಿ ಏನೂ ಅಲ್ಲ, ಆನೆ ಹಿಂಡಿಗೆ ಅದೇ ಹಾದಿ.

ಲಂಟಾನದ ವಿಷಯವನ್ನೇ ನೋಡಿ. ಕಾಡಿನ ನೆಲವನ್ನೆಲ್ಲ ಮುಚ್ಚಿ ಹುಲ್ಲು ಮೇಲೇಳದಂತೆ ಮಾಡಿರುವ ಪೊದೆ ಅದು. ಮಲೆ ಮಹದೇಶ್ವರ ಬೆಟ್ಟದ ಸೋಲಿಗ ಆದಿವಾಸಿಗಳು ಅದರ ಕೋಲುಗಳನ್ನು ಕಡಿದು ತಂದು, ನೀರಲ್ಲಿ ಬೇಯಿಸಿ, ಸಿಪ್ಪೆ ಸುಲಿದು, ಬಿಸಿಯಿರುವಾಗಲೇ ಬಗ್ಗಿಸಿ ಮೊಳೆ ಹೊಡೆದು ಕುರ್ಚಿ, ಬುಟ್ಟಿ ಮಾಡುತ್ತಾರೆ. ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀ ಅವರಿಗೆ ತರಬೇತಿ ಕೊಟ್ಟಿತು. ಇನ್ನೊಂದು ಪೋಡಿನವರು, ಅಂದರೆ ಸೋಲಿಗರ ಇನ್ನೊಂದು ಹಾಡಿಯವರು, ಇದನ್ನೇ ಶುರು ಮಾಡಬೇಕೆಂದರೆ ಬೇಕಾದದ್ದು ಬೇಯಿಸಲು ಒಂದು ದೊಡ್ಡ ಡ್ರಮ್ಮು, ಕತ್ತಿ, ಸುತ್ತಿಗೆ, ನೆರಳಿಗೊಂದು ಶೀಟು. ಇಷ್ಟಕ್ಕೆ ಯಾವ ಇಲಾಖೆಯ ಟೆಂಡರು ಕರೆಯೋಣ?

ಇದು ಹೊಸ ಆಲೋಚನೆಯೂ ಅಲ್ಲ. ಜಾಗತಿಕ ಪರಿಸರ ನಿಧಿಯ ಸಣ್ಣ ಅನುದಾನ ಕಾರ್ಯಕ್ರಮ 1992ರಲ್ಲೇ ಶುರುವಾಗಿ, ನೂರಕ್ಕೂ ಹೆಚ್ಚು ದೇಶಗಳಲ್ಲಿ ಸ್ಥಳೀಯ ಸಂಘಟನೆಗಳಿಗೆ ನೇರವಾಗಿ ಹಣ ಕೊಡುತ್ತಾ ಬಂದಿದೆ. ಆದರೆ ಅಲ್ಲಿಗೆ ಅರ್ಜಿ ಹಾಕುವಷ್ಟು ಓದು, ಓಡಾಟ ಪೋಡಿನ ಹೆಣ್ಣುಮಕ್ಕಳಿಗೆ ಎಲ್ಲಿಂದ ಬರಬೇಕು?

ನಮ್ಮ ಕಾನೂನಿನಲ್ಲೇ ದಾರಿಯಿದೆ. 2002ರ ಜೀವವೈವಿಧ್ಯ ಕಾಯ್ದೆ ಪ್ರತಿ ಗ್ರಾಮ ಪಂಚಾಯಿತಿಗೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕೆನ್ನುತ್ತದೆ, ಸ್ಥಳೀಯ ಜೀವವೈವಿಧ್ಯ ನಿಧಿಯ ಮಾತನ್ನೂ ಆಡುತ್ತದೆ. ಆ ನಿಧಿಗೆ ದುಡ್ಡು ಹಾಕಿ. ಅರ್ಜಿ ಕನ್ನಡದಲ್ಲಿ, ಒಂದೇ ಪುಟದಲ್ಲಿರಲಿ. ನೋಂದಾಯಿಸಿದ ಸಂಸ್ಥೆಯೇ ಆಗಬೇಕೆಂಬ ಹಟ ಬೇಡ. ಸ್ತ್ರೀಶಕ್ತಿ ಸಂಘ, ಸೋಲಿಗರ ಗ್ರಾಮಸಭೆ, ನಮ್ಮೂರಿನ ಟಿಬೆಟನ್ ಬಿಡಾರದ ರೈತರು, ಯಾರು ಬೇಕಾದರೂ ಕೇಳುವಂತಿರಲಿ. ಲೆಕ್ಕವನ್ನು ಗ್ರಾಮಸಭೆಯಲ್ಲಿ ಎಲ್ಲರೆದುರು ಓದಿಸಿ. ಬಿಲ್ಲು ಕಳೆದರೂ ಡ್ರಮ್ಮು ಎಲ್ಲಿದೆ ಎಂದು ಊರಿಗೆ ಗೊತ್ತಿರುತ್ತದೆ.

ಮೊದಲ ವರ್ಷ ಹನೂರು ತಾಲ್ಲೂಕಿನಲ್ಲಷ್ಟೇ ಮಾಡಿ ನೋಡಿ. ಮುಂದಿನ ಗ್ರಾಮಸಭೆಗೆ ನಿಮ್ಮ ಅಧಿಕಾರಿಯೊಬ್ಬರನ್ನು ಕಳಿಸಿಕೊಡಿ, ಅರ್ಜಿಗಳನ್ನು ಅಲ್ಲೇ ಬರೆದುಕೊಡುತ್ತೇವೆ.

ಇತಿ ತಮ್ಮ ವಿಶ್ವಾಸಿ,
ಒಡೆಯರಪಾಳ್ಯದ ಒಬ್ಬ ರೈತ