ರುಚಿ ಬದಲಾದರೆ ವಿಷ ಬದಲಾದೀತೇ?

ಹಾನಗಲ್ಲಿನ ನೆಂಟರ ಮನೆಯಲ್ಲಿ ಕುಬಸದ ಕಾರ್ಯ. ಊಟ ಮುಗಿಸಿ ಹೆಂಗಸರೆಲ್ಲ ಎಲೆ ಅಡಿಕೆ ತಟ್ಟೆಯ ಸುತ್ತ ಕೂತಿದ್ದೆವು. ಎಲೆ ಸವಣೂರಿನದು, ಅಡಿಕೆ ಅಲ್ಲೇ ತೋಟದ್ದು. ಹಿರೇಕೆರೂರಿನಿಂದ ಬಂದಿದ್ದ ನಮ್ಮ ಚಿಗವ್ವ ಸೊಂಟದ ಸಂಚಿ ಬಿಚ್ಚಿದಳು. ಅದರಲ್ಲಿ ಸುಣ್ಣದ ಡಬ್ಬಿ, ತಂಬಾಕು, ಜರ್ದಾ, ಎರಡು ತರದ ಪಾಕೀಟು!

"ಮೊದಲಿಂದು ಬಾಳ ಖಡಕ್ ಆಗ್ತಿತ್ತವ್ವಾ. ಈಗ ಹೊಸಾದು ಕಲಸೇನಿ. ಇದು ಏನೂ ಮಾಡೂದಿಲ್ಲ" ಎನ್ನುತ್ತ ಅಂಗೈಯಲ್ಲಿ ತಿಕ್ಕಿ ಎಲೆಯೊಳಗೆ ಮಡಚಿದಳು.

ಕೈ ತೊಳೆಯಲು ಹಿತ್ತಲಿಗೆ ಹೋದರೆ ಬೆಂಗಳೂರಿನಿಂದ ಬಂದ ನನ್ನ ಅಣ್ಣನ ಮಗ. ತೆಳು ಕಾಗದದಲ್ಲಿ ಬಿಡಿ ತಂಬಾಕು ತುಂಬಿ ತಾನೇ ಸಿಗರೇಟು ಸುತ್ತುತ್ತಿದ್ದ. "ಇದು ಅಂಗಡಿ ಸಿಗರೇಟಲ್ಲ ಅತ್ತಿ, ನಾನೇ ಮಿಕ್ಸ್ ಮಾಡಿದ್ದು. ಕೆಮಿಕಲ್ ಇರಲ್ಲ" ಅಂದ. ಇಬ್ಬರದೂ ಒಂದೇ ಮಾತು ನೋಡಿ! ಆದರೆ ವಿಷಯ ಹೊರಬಿದ್ದಾಗ ಹುಡುಗನಿಗೆ ಮನೆಮಂದಿಯೆಲ್ಲ ಸೇರಿ ಮಂಗಳಾರತಿ ಎತ್ತಿದರು. ಚಿಗವ್ವನಿಗೆ ಯಾರೂ ಒಂದು ಮಾತು ಅನ್ನಲಿಲ್ಲ.

ಗೆಳತಿಯರೇ, ನನ್ನ ತಕರಾರು ಇರುವುದೇ ಇಲ್ಲಿ. ಗಂಡಸರ ಹೊಗೆ ನಮ್ಮ ಕಣ್ಣಿಗೆ ಬೀಳುತ್ತದೆ. ಅವ್ವ, ಅತ್ತೆ, ಚಿಗವ್ವಂದಿರ ದವಡೆಯಲ್ಲಿ ಕೂತ ತಂಬಾಕು ಕಾಣುವುದೇ ಇಲ್ಲ. ಶಿಗ್ಗಾಂವಿಯ ನಮ್ಮ ವೈನಿ "ಹಲ್ಲು ನೋವಿಗಂತ ಇಟಗೊಂಡೆ, ರೂಢಿ ಆತು" ಅಂತಾರೆ. ಎಷ್ಟೋ ಮನೆಗಳಲ್ಲಿ ಚಟ ಶುರುವಾಗುವುದೇ ಹೀಗೆ.

ನಮ್ಮ ರಾಜ್ಯದಲ್ಲಿ 2013ರ ಮೇ ತಿಂಗಳಲ್ಲಿ ಗುಟ್ಕಾ ನಿಷೇಧವಾಯಿತು. ಆಮೇಲೇನಾಯಿತು? ಪಾನ್ ಮಸಾಲೆ ಒಂದು ಪಾಕೀಟು, ತಂಬಾಕು ಇನ್ನೊಂದು ಪಾಕೀಟು. ಬೆರೆಸುವ ಕೆಲಸ ಮಾತ್ರ ಕಂಪನಿಯಿಂದ ತಿನ್ನುವವರ ಅಂಗೈಗೆ ಬಂತು! ಈಗ ದಿನಕ್ಕೊಂದು ಪ್ರಯೋಗ. ಜರ್ದಾ ಜಾಸ್ತಿ, ಸುಣ್ಣ ಕಮ್ಮಿ, ಇಲ್ಲವೇ ಬೇರೆ ಪಾಕೀಟು. ತಲೆ ತಿರುಗದಿದ್ದರೆ ಸಾಕು, "ಇದು ಸೌಮ್ಯ" ಎಂಬ ಸಮಾಧಾನ.

ಆದರೆ ಜರ್ದಾದ ಘಮಘಮ ತಂಬಾಕಿನ ಘಾಟನ್ನು ಮುಚ್ಚುತ್ತದೆಯೇ ಹೊರತು ವಿಷವನ್ನು ತೆಗೆಯುವುದಿಲ್ಲ. ಸುಣ್ಣ ಸೇರಿದರೆ ನಿಕೋಟಿನ್ ಇನ್ನೂ ಬೇಗ ರಕ್ತಕ್ಕಿಳಿಯುತ್ತದೆ. ಕೈಯಲ್ಲಿ ಸುತ್ತಿದ ಸಿಗರೇಟಿನ ಹೊಗೆಯಲ್ಲೂ ಟಾರು ಇದ್ದೇ ಇರುತ್ತದೆ. ತಂಬಾಕು ಬಿಟ್ಟು ಬರೀ ಅಡಿಕೆ ಜಗಿದರೆ ಆಯಿತಲ್ಲ ಎನ್ನುವಂತೆಯೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ತೋಟದವರಿಗೆ ಇದು ಕಹಿ ಮಾತು, ಆದರೂ ಹೇಳಲೇಬೇಕು.

ಅವತ್ತು ಚಿಗವ್ವ ಖಾರದ ಚಟ್ನಿ ಮುಟ್ಟಿರಲಿಲ್ಲ. ಹೋಳಿಗೆಯನ್ನು ಚೂರು ಚೂರು ಮಾಡಿ ತಿಂದಿದ್ದಳು. "ಬಾಯಿ ಉರಿತೈತಿ, ಅಗಲ ತೆಗಿಯಾಕ ಬರವಲ್ದು" ಅಂದಳು. ಎರಡೇ ಬೆರಳು ಹಿಡಿಸುವಷ್ಟು ಬಾಯಿ! ಮರುದಿನವೇ ದಂತ ವೈದ್ಯರ ಹತ್ತಿರ ಕರೆದೊಯ್ದೆ. ಅಡಿಕೆ ಜಗಿತದಿಂದ ಬಾಯೊಳಗಿನ ಚರ್ಮ ಬಿಗಿದುಕೊಳ್ಳುವ ಕಾಯಿಲೆ ಇದು, ಬಿಗಿದ ಚರ್ಮ ಮೊದಲಿನಂತಾಗುವುದು ಕಷ್ಟ, ಬಿಡದಿದ್ದರೆ ಮುಂದೆ ಕ್ಯಾನ್ಸರ್‌ಗೂ ತಿರುಗಬಹುದು ಎಂದರು. ಚಿಗವ್ವ ಸಂಚಿಯನ್ನು ನನ್ನ ಕೈಗೆ ಕೊಟ್ಟಳು. ನಡುವೆ ಒಮ್ಮೆ ಕದ್ದು ಹಾಕಿಕೊಂಡು ಅತ್ತದ್ದೂ ಉಂಟು. ಈಗ ಐದು ತಿಂಗಳಾಯಿತು, ತಡೆದುಕೊಂಡಿದ್ದಾಳೆ.

ನಾವೇನು ಮಾಡಬಹುದು? ಮನೆಯ ಹಿರಿಯರ ಬಾಯಿಯನ್ನು ಬೆಳಕಿನಲ್ಲೊಮ್ಮೆ ನೋಡಿ. ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು, ಖಾರ ತಿಂದರೆ ಉರಿ, ಮೂರು ಬೆರಳು ಒಂದರ ಮೇಲೊಂದು ಹಿಡಿಸದ ಬಾಯಿ... ಇವುಗಳಲ್ಲಿ ಒಂದಿದ್ದರೂ ತಡ ಮಾಡಬೇಡಿ. ಬಸುರಿಗೆ ವಾಕರಿಕೆಗೆಂದೂ ತಂಬಾಕಿನ ಎಲೆ ಕೊಡಬೇಡಿ, ಮಗುವಿನ ತೂಕಕ್ಕೇ ಅದು ಕುತ್ತು.

ಬಿಟ್ಟ ಮೊದಲ ವಾರ ಸಿಡುಕು, ತಲೆನೋವು, ನಿದ್ದೆಗೇಡು ಸಹಜ. ಆಗ ಹಂಗಿಸದೆ ನಾಲ್ಕು ಸೋಂಪು ಕಾಳೋ ಏಲಕ್ಕಿಯೋ ಕೈಗಿಡಿ, ಮಾತಿಗೆ ಕೂರಿ. 1800 11 2356 ಸಂಖ್ಯೆಯ ರಾಷ್ಟ್ರೀಯ ಸಹಾಯವಾಣಿಯಲ್ಲಿ ಉಚಿತವಾಗಿ ಸಲಹೆ ಸಿಗುತ್ತದೆ. ಇನ್ನೊಂದು ಮಾತು. ಅಜ್ಜಿಯ ಪಾಕೀಟು ತರಲು ಮಕ್ಕಳನ್ನು ಅಂಗಡಿಗೆ ಅಟ್ಟಬೇಡಿ. 18 ತುಂಬದವರಿಗೆ ತಂಬಾಕು ಮಾರಬಾರದೆಂದು 2003ರ ಕಾಯ್ದೆಯೇ ಹೇಳಿತ್ತು. ನಮ್ಮ ರಾಜ್ಯದಲ್ಲಿ 2025ರಿಂದ ಆ ವಯಸ್ಸು 21.

ಸವಣೂರಿನ ಎಲೆಯ ಮೇಲೆ ನನಗೆ ಸಿಟ್ಟಿಲ್ಲ. ಅರಿಷಿಣ ಕುಂಕುಮದ ಜೊತೆ ಅದು ನಮ್ಮ ತಟ್ಟೆಯಲ್ಲಿರಲಿ. ಆದರೆ ಚಿಗವ್ವನ ಬಾಯಿಗೆ ಹೋಳಿಗೆ ಹಿಡಿಸದಂತೆ ಮಾಡಿದ್ದು ಆ 'ಸೌಮ್ಯ' ಮಿಶ್ರಣವೇ. ಹೊಸ ಮಿಶ್ರಣ ಹುಡುಕುವುದೆಂದರೆ ಬಿಡುವುದನ್ನು ನಾಳೆಗೆ ಮುಂದೂಡಿದಂತೆ, ಅಷ್ಟೇ. ನಿಮ್ಮ ಮನೆಯ ಸಂಚಿಯಲ್ಲಿ ಏನೇನಿದೆ ಅಂತ ಇವತ್ತೇ ನೋಡ್ತೀರಲ್ಲ?