ಹೆಂಚಿನ ಮನೆಯ ಕೆಂಡ, ಆರ್‌ಸಿಸಿ ರೂಮಿನ ಕಂಟಕ

2025ರ ನವೆಂಬರ್‌ನಲ್ಲಿ ಬೆಳಗಾವಿಯಲ್ಲಿ ಚಳಿಗೆಂದು ಕೋಣೆಯೊಳಗೆ ಇದ್ದಿಲು ಹಚ್ಚಿ ಮಲಗಿದ್ದ ಮೂವರು ಯುವಕರು ಬೆಳಿಗ್ಗೆ ಏಳಲೇ ಇಲ್ಲ. ಆ ಸುದ್ದಿ ಓದಿ ನನಗೆ ಮೈ ನಡುಗಿತು. ಅದೇ ವರ್ಷದ ಜನವರಿಯಲ್ಲಿ ತುಮಕೂರಿನ ಬಾಡಿಗೆ ರೂಮಿನಲ್ಲಿ ನಾನು ಮತ್ತು ಕುಣಿಗಲ್‌ನ ಗೆಳೆಯ ಮಾಡಿದ್ದೂ ಅದನ್ನೇ.

ಇಬ್ಬರೂ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೆವು. ಕಿಟಕಿಯ ಸಂದಿಗೆ ಹಳೆ ಪೇಪರ್ ತುರುಕಿ, ಗಾರೆ ಬಾಂಡ್ಲಿಯಲ್ಲಿ ಇದ್ದಿಲು ಹಚ್ಚಿ ಮಲಗಿದೆವು. ನಡುರಾತ್ರಿ ಮೂತ್ರಕ್ಕೆಂದು ಎದ್ದರೆ ತಲೆ ಸಿಡಿಯುತ್ತಿತ್ತು, ಕಾಲಲ್ಲಿ ಶಕ್ತಿ ಇರಲಿಲ್ಲ. ಹೇಗೋ ಬಾಗಿಲು ತೆಗೆದೆ. ಗೆಳೆಯನನ್ನು ಎಳೆದು ಹೊರಗೆ ಕೂರಿಸಿದ ಮೇಲೆ ಅವನು ವಾಂತಿ ಮಾಡಿದ. ಉಳಿದದ್ದು ಬುದ್ಧಿಯಿಂದಲ್ಲ, ಅದೃಷ್ಟದಿಂದ.

ಗುಬ್ಬಿಯ ನಮ್ಮ ಮನೆಯಲ್ಲಿ ಅಜ್ಜಿ ಎಷ್ಟೋ ಚಳಿಗಾಲ ಕೆಂಡದ ಪಕ್ಕದಲ್ಲೇ ಮಲಗಿದ್ದರು. ಅವರಿಗೇನೂ ಆಗಲಿಲ್ಲವಲ್ಲ? ಉತ್ತರ ಸೂರಿನಲ್ಲಿದೆ. ನಾಡಹೆಂಚಿನ ಸಂದಿಗಳಲ್ಲಿ ಗಾಳಿ ಸದಾ ಆಡುತ್ತಿತ್ತು. ಈಗಿನ ಆರ್‌ಸಿಸಿ ರೂಮಿನಲ್ಲಿ ಕಿಟಕಿ ಮುಚ್ಚಿದರೆ ಅದು ಡಬ್ಬಿಯಿದ್ದಂತೆ. ಮನೆ ಬದಲಾಯಿತು, ಅಭ್ಯಾಸ ಬದಲಾಗಲಿಲ್ಲ.

ಗಾಳಿ ಸಾಲದೆ ಉರಿಯುವ ಇದ್ದಿಲಿನಿಂದ ಹೊರಡುವುದು ಕಾರ್ಬನ್ ಮೊನಾಕ್ಸೈಡ್. ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆ ಇಲ್ಲದ ಕೆಂಡದಲ್ಲೂ ಅದಿರುತ್ತದೆ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ನಿದ್ದೆಯಲ್ಲಿದ್ದವರಿಗೆ ತಿಳಿಯುವುದೇ ಇಲ್ಲ. ಪಕ್ಕದಲ್ಲಿ ನೀರಿನ ಪಾತ್ರೆ ಇಟ್ಟರೂ, ಮುಖಕ್ಕೆ ಬಟ್ಟೆ ಕಟ್ಟಿದರೂ ಪ್ರಯೋಜನವಿಲ್ಲ.

ಬಯಲುಸೀಮೆಯಲ್ಲಿ ಕನಿಷ್ಠ ಉಷ್ಣಾಂಶ 10 ಡಿಗ್ರಿ ಅಥವಾ ಅದಕ್ಕೂ ಕೆಳಗಿಳಿದು, ವಾಡಿಕೆಗಿಂತ 4.5 ಡಿಗ್ರಿಯಷ್ಟಾದರೂ ಕಡಿಮೆಯಾದರೆ ಹವಾಮಾನ ಇಲಾಖೆ ಅದನ್ನು ಶೀತಗಾಳಿ ಎನ್ನುತ್ತದೆ. ನಮ್ಮೂರಿನ ಚಳಿ ಬಹುತೇಕ ಆ ಲೆಕ್ಕಕ್ಕೆ ಸಿಗುವುದಿಲ್ಲ. ಹಾಗಾಗಿ ಎಚ್ಚರಿಕೆಯೂ ಬರುವುದಿಲ್ಲ. ಆದರೆ ತೆಳು ಹೊದಿಕೆಯಲ್ಲಿ ತಣ್ಣನೆಯ ನೆಲದ ಮೇಲೆ ಮಲಗುವವನಿಗೆ ಆ ಚಳಿ ಸಾಕು.

ಹೀಟರ್ ತರಬಹುದಲ್ಲ ಎನ್ನಬಹುದು. 2000 ವಾಟ್‌ನ ಹೀಟರ್ ದಿನಕ್ಕೆ ಎರಡು ಗಂಟೆ ಉರಿದರೆ 4 ಯುನಿಟ್, ತಿಂಗಳಿಗೆ 120. ಗೃಹಜ್ಯೋತಿಯ ಗರಿಷ್ಠ ಮಿತಿ 200 ಯುನಿಟ್. ದಾಟಿದರೆ ಪೂರ್ತಿ ಬಿಲ್. ಅದಕ್ಕೇ ಹೀಟರ್ ಬೇಡವೆನ್ನುವ ಮಾಲೀಕರಿದ್ದಾರೆ. ಆಗ ಅಗ್ಗಕ್ಕೆ ಕಾಣುವುದು ಇದ್ದಿಲು.

ಈಗ ನಾವು ಚಾಪೆಯ ಕೆಳಗೆ ರಟ್ಟು ಹಾಸುತ್ತೇವೆ. ಒಂದು ದಪ್ಪ ಬಟ್ಟೆಯ ಬದಲು ಎರಡು ಮೂರು ತೆಳು ಬಟ್ಟೆ, ಕಾಲಿಗೆ ಸಾಕ್ಸ್, ಬಿಸಿನೀರಿನ ಚೀಲ, ಊರಿನಿಂದ ತಂದ ಕಂಬಳಿ. ಬೆಂಕಿ ಕಾಯಿಸುವುದಿದ್ದರೆ ಅಂಗಳದಲ್ಲಿ.

ಮುಚ್ಚಿದ ರೂಮಿನಲ್ಲಿ ಕೆಂಡವಿದ್ದು ಯಾರಿಗಾದರೂ ತಲೆನೋವು, ವಾಕರಿಕೆ, ಮಂಪರು ಕಂಡರೆ ಕೂಡಲೇ ಬಾಗಿಲು ತೆಗೆದು ಹೊರಗೆ ತನ್ನಿ, 108ಕ್ಕೆ ಕರೆ ಮಾಡಿ. ಬಾಡಿಗೆ ರೂಮಿನಲ್ಲಿರುವ ತಮ್ಮ, ತಂಗಿಗೆ ಇಂದೇ ಫೋನ್ ಮಾಡಿ ಒಂದು ಮಾತು ಕೇಳಿ: ರಾತ್ರಿ ಕಿಟಕಿ ಸ್ವಲ್ಪ ತೆರೆದಿಡುತ್ತೀಯಾ?