ಗೃಹವೈದ್ಯ: ತೋಟದ ದುಡಿಮೆಯೂ ದೀರ್ಘಕಾಲದ ಇನ್ಸುಲಿನ್ನೂ

ಬೆಳ್ತಂಗಡಿ ತಾಲೂಕಿನ ಸೋದರಿಯೊಬ್ಬರು ಬರೆದ ಕಾಗದವು ಈ ತಿಂಗಳ ಪ್ರಸ್ತಾಪಕ್ಕೆ ಕಾರಣವಾಗಿದೆ. ಅವರ ಯಜಮಾನರು ಸಿಹಿಮೂತ್ರರೋಗಕ್ಕಾಗಿ ದಿನವೂ ಬೆಳಿಗ್ಗೆ ಹಾಲಿನಂತೆ ಬಿಳುಪಾದ ಇನ್ಸುಲಿನ್ನನ್ನು ಚುಚ್ಚಿಕೊಳ್ಳುವರು. ಉಳಿದ ದಿನಗಳಲ್ಲಿ ತೊಂದರೆಯಿಲ್ಲ. ಅಡಿಕೆಯ ಕೊಯ್ಲು ಬಂದಿತೆಂದರೆ ಮಾತ್ರ ಹನ್ನೊಂದು ಹನ್ನೆರಡು ಗಂಟೆಯ ಹೊತ್ತಿಗೆ ಕೈ ನಡುಗಿ, ಮೈ ಬೆವತು, ಕಣ್ಣು ಮಂಜಾಗುವುದಂತೆ. ಒಂದು ದಿನ ಕಂಗಿನ ಮೇಲಿರುವಾಗಲೇ ಹೀಗಾಗಿ, ದೇವರ ದಯೆಯಿಂದ ಹೇಗೋ ಜಾರಿಕೊಂಡು ಕೆಳಗಿಳಿದರಂತೆ. “ಈಗ ಒಂದು ದಿನಕ್ಕಿಂತಲೂ ಹೆಚ್ಚು ನಿಲ್ಲುವ ಇನ್ಸುಲಿನ್ ಬಂದಿದೆಯೆಂದು ಕೇಳಿದೆವು. ಅದನ್ನೇ ತರಿಸಬಹುದೇ?” ಎಂದು ಆಕೆ ಕೇಳಿರುವರು.

ಹೆಚ್ಚು ಹೊತ್ತು ನಿಲ್ಲುವುದೇ ಹೆಚ್ಚು ಹಿತವೆಂದು ಭಾವಿಸತಕ್ಕದ್ದಲ್ಲ. ಮೈ ದುಡಿಯುವಾಗ ಸ್ನಾಯುಗಳು ಇನ್ಸುಲಿನ್ನಿನ ಅಪ್ಪಣೆಗೆ ಕಾಯದೆ ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುವುವು. ಆರೋಗ್ಯವಂತನ ದೇಹವು ಆಗ ತನ್ನ ಇನ್ಸುಲಿನ್ನನ್ನು ತಾನೇ ಕಡಿಮೆ ಮಾಡಿಕೊಳ್ಳುತ್ತದೆ. ಚುಚ್ಚಿಕೊಂಡುದನ್ನಾದರೋ ಹಿಂದಕ್ಕೆ ಕರೆಯಲಾಗದು. ಆದುದರಿಂದ ಕೇಳತಕ್ಕ ಮಾತು ಇದು: ಇವರ ದಿನಗಳೆಲ್ಲ ಒಂದೇ ತೆರನಾಗಿರುವುವೋ, ಅಥವಾ ಒಂದು ದಿನ ಜಗಲಿ, ಮರುದಿನ ಕಂಗಿನ ತುದಿಯೋ?

1921ರಲ್ಲಿ ಟೊರೊಂಟೋ ನಗರದಲ್ಲಿ ಕಂಡುಹಿಡಿಯಲ್ಪಟ್ಟ ಇನ್ಸುಲಿನ್ ಕೆಲವೇ ಗಂಟೆ ನಿಲ್ಲುತ್ತಿತ್ತು. ಡೆನ್ಮಾರ್ಕಿನ ಹಾಗೆಡೋರ್ನ್ ಎಂಬವರು 1936ರಲ್ಲಿ ಮೀನಿನಿಂದ ದೊರೆಯುವ ಪ್ರೋಟಮೀನನ್ನು ಬೆರೆಸಿ ಅದರ ಕಾಲವನ್ನು ಹೆಚ್ಚಿಸಿದರು. 1946ರಲ್ಲಿ ಎನ್‌ಪಿಎಚ್ ಎಂಬ ರೂಪವು ಸಿದ್ಧವಾಯಿತು. ಸೋದರಿಯವರ ಮನೆಯಲ್ಲಿರುವುದು ಇದೇ. ಚುಚ್ಚಿದ ಮೇಲೆ ಸುಮಾರು 4ರಿಂದ 10 ಗಂಟೆಗಳೊಳಗೆ ಇದರ ಬಲವು ಏರಿ, ಬಳಿಕ ಇಳಿಯುವುದು. ಏಳು ಗಂಟೆಗೆ ಚುಚ್ಚಿದರೆ ಹನ್ನೊಂದಕ್ಕೆ ಏರುವುದು. ಕೊಯ್ಲಿನ ಶ್ರಮವೂ ಆಗಲೇ ಏರುವುದು. ಊಟಕ್ಕೋ ಇನ್ನೂ ಹೊತ್ತಿರುವುದು. ಯಜಮಾನರ ಕೈ ನಡುಗಿದುದು ಇದರಿಂದಲೇ ಇರಬೇಕೆಂದು ನನ್ನ ಊಹೆ.

2000ದ ಸುಮಾರಿಗೆ ಬಳಕೆಗೆ ಬಂದ ಗ್ಲಾರ್ಜಿನ್ ನೀರಿನಂತೆ ತಿಳಿಯಾಗಿದೆ. ಚರ್ಮದಡಿಯಲ್ಲಿ ಸಣ್ಣ ಹರಳುಗಳಾಗಿ ಕೂತು, ಸ್ವಲ್ಪ ಸ್ವಲ್ಪವಾಗಿ ಕರಗಿ, ಹೆಚ್ಚು ಏರಿಳಿತವಿಲ್ಲದೆ ಸುಮಾರು 24 ಗಂಟೆ ಕೆಲಸಮಾಡುತ್ತದೆ. ಬೆಂಗಳೂರಿನ ಬಯೋಕಾನ್ ಸಂಸ್ಥೆಯು 2009ರಲ್ಲಿ ಇದನ್ನು ಬೇಸಲಾಗ್ ಎಂಬ ಹೆಸರಿನಿಂದ ಹೊರತಂದಿತು. 2022ರಲ್ಲಿ ಇದು ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯನ್ನೂ ಸೇರಿತು. ನಾಳೆ ಕಷ್ಟದ ಕೆಲಸವಿದೆಯೆಂದು ತಿಳಿದಾಗ, ವೈದ್ಯರು ಮೊದಲೇ ಹೇಳಿಕೊಟ್ಟಂತೆ, ಪ್ರಮಾಣದಲ್ಲಿ ಐದನೆಯ ಒಂದು ಪಾಲಿನಷ್ಟನ್ನು ಕಡಿಮೆ ಮಾಡುವ ಪದ್ಧತಿಯುಂಟು. ಅದರ ಫಲವು ಆ ದಿನವೇ ತೋರುವುದು.

ಸೋದರಿಯವರು ಕೇಳಿದ ಡೆಗ್ಲುಡೆಕ್ ಎಂಬುದು 42 ಗಂಟೆಗೂ ಮಿಕ್ಕಿ ನಿಲ್ಲುವುದು. ಅದು ದೊಡ್ಡ ಕೆರೆಯಂತೆ. ಇಂದು ಒಂದು ಕೊಡ ನೀರು ಕಡಿಮೆ ಹೊಯ್ದರೆ ಮಟ್ಟವು ಇಳಿಯದು. ಪ್ರಮಾಣವನ್ನು ಬದಲಿಸಿದರೆ ಫಲವು ನೆಲೆಗೊಳ್ಳಲು ಮೂರು ನಾಲ್ಕು ದಿನ ಬೇಕು. ಹೀಗಿರಲಾಗಿ ಒಂದು ದಿನದ ಕೊಯ್ಲಿಗೋ, ವರ್ಷಕ್ಕೊಮ್ಮೆ ಗಡಾಯಿಕಲ್ಲಿನ ಮೆಟ್ಟಿಲು ಹತ್ತುವುದಕ್ಕೋ ಅದನ್ನು ಹೊಂದಿಸುವುದು ಕಷ್ಟ. ಆದಾಗ್ಯೂ ರಾತ್ರಿ ಸಕ್ಕರೆ ಕುಸಿಯುವ ಭಯವು ಇದರಲ್ಲಿ ಗ್ಲಾರ್ಜಿನ್ನಿಗಿಂತ ಕಡಿಮೆಯೆಂದು ಪರೀಕ್ಷೆಗಳಲ್ಲಿ ಕಂಡಿದೆ. ಮೂಡುಬಿದಿರೆಯಲ್ಲಿ ಓದುತ್ತ ದಿನವೂ ತಪ್ಪದೆ ಮೈದಾನದಲ್ಲಿ ಓಡುವ ಹುಡುಗನಿಗೆ ಇದು ಒಪ್ಪಬಹುದು. ಚುಚ್ಚುವ ಹೊತ್ತು ಹಿಂದೆಮುಂದಾದರೆ ದೊಡ್ಡವರಲ್ಲಿ ಎರಡು ಚುಚ್ಚುಗಳ ನಡುವೆ 8 ಗಂಟೆಯಾದರೂ ಅಂತರವಿದ್ದರೆ ಸಾಕಾಗುವುದರಿಂದ, ಇರುಳೆಲ್ಲ ಆಡಿ ಹಗಲು ಮಲಗುವ ಯಕ್ಷಗಾನದ ಕಲಾವಿದರಿಗೂ ಅನುಕೂಲವೇ.

ಹಳೆಯ ಎನ್‌ಪಿಎಚ್ಚನ್ನು ತುಚ್ಛವಾಗಿ ಕಾಣಬೇಕಾಗಿಲ್ಲ. ಬೆಲೆ ಕಡಿಮೆ, ಬೆಳಿಗ್ಗೆ ಸಂಜೆಯೆಂದು ಎರಡು ಪಾಲು ಮಾಡಿಕೊಂಡವರು ವೈದ್ಯರನ್ನು ಕೇಳಿ ಕೊಯ್ಲಿನ ದಿನ ಬೆಳಗಿನ ಪಾಲನ್ನಷ್ಟೇ ಇಳಿಸಬಹುದು. ಆದರೆ ಮರ ಏರುವವರ ವಿಷಯದಲ್ಲಿ, ಹಣಕ್ಕೆ ಅನುಕೂಲವಿದ್ದರೆ ಗ್ಲಾರ್ಜಿನ್ನಿನ ಮಾತನ್ನೇ ಮೊದಲು ವೈದ್ಯರಲ್ಲಿ ಎತ್ತಿರೆಂದು ನಾನು ಹೇಳುವೆನು. ಅದಕ್ಕಿಂತಲೂ ಮೊದಲು ಹೇಳತಕ್ಕದ್ದು, ಮರ ಏರುವುದನ್ನೇ ಬಿಡಿಸಿರೆಂದು. ನೆಲದಲ್ಲಿ ನಿಂತೇ ಕೊಯ್ಯುವ ಹಗುರವಾದ ಕಾರ್ಬನ್ ದೋಟಿಗಳು ನಮ್ಮ ತೋಟಗಳಿಗೆ ಬಂದಿರುವಾಗ, ಇನ್ಸುಲಿನ್ ಚುಚ್ಚಿಕೊಳ್ಳುವವರು ಕಂಗು ಏರುವುದು ಏತಕ್ಕೆ? ಗಂಡಸರಿಗೆ ಈ ಮಾತು ರುಚಿಸದೆಂಬುದನ್ನು ಬಲ್ಲೆ.

ರೋಗವಿದ್ದವನು ಮೂಲೆಯಲ್ಲಿ ಕೂರಬೇಕೆಂದು ಇದರ ಅರ್ಥವಲ್ಲ. ವಾಸಿಂ ಅಕ್ರಮ್ ಅವರಿಗೆ 1997ರಲ್ಲಿ ಈ ರೋಗವು ತಿಳಿದುಬಂದಿತು. ಇನ್ಸುಲಿನ್ ತೆಗೆದುಕೊಳ್ಳುತ್ತಲೇ ಅವರು 2003ರ ವಿಶ್ವಕಪ್ಪಿನವರೆಗೂ ಚೆಂಡೆಸೆದರು.

ಇನ್ನು ಮನೆಯವರು ನೋಡತಕ್ಕ ಸಂಗತಿಗಳು. ತೋಟಕ್ಕೆ ಹೊರಡುವ ಮುನ್ನ ಬೆರಳಿನ ರಕ್ತದಲ್ಲಿ ಸಕ್ಕರೆ 90ಕ್ಕಿಂತ ಕಡಿಮೆಯಿದ್ದರೆ ಏನಾದರೂ ತಿನ್ನಿಸಿ, ಏರಿದುದನ್ನು ನೋಡಿಯೇ ಕಳುಹಿಸಬೇಕು. ಬಂದವರಿಗೆ ಬೆಲ್ಲ ನೀರು ಕೊಡುವ ನಮ್ಮ ಊರಿನಲ್ಲಿ ಅಂಗಿಯ ಜೇಬಿಗೆ ಒಂದು ತುಂಡು ಬೆಲ್ಲ ಹಾಕಿಕೊಡುವುದು ಹೆಚ್ಚಿನ ಮಾತೇ? ಗ್ಲೂಕೋಸು ಪುಡಿಯಿದ್ದರೆ ಇನ್ನೂ ಬೇಗನೆ ಹಿಡಿಯುವುದು. ನಡುಕ ಬಂದೊಡನೆ ಮೂರು ಸಣ್ಣ ಚಮಚೆ ಸಕ್ಕರೆಯಷ್ಟು ತಿಂದು, ಕಾಲು ಗಂಟೆ ಕುಳಿತು, ಪುನಃ ಪರೀಕ್ಷಿಸತಕ್ಕದ್ದು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹೊಯ್ಯದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಹಗಲು ಬರಿದಾದ ಸ್ನಾಯುಗಳು ರಾತ್ರಿಯಿಡೀ ಸಕ್ಕರೆಯನ್ನು ತುಂಬಿಕೊಳ್ಳುತ್ತಿರುವುದರಿಂದ ಆ ದಿನ ಮಲಗುವಾಗ ಇನ್ನೊಮ್ಮೆ ಪರೀಕ್ಷೆಯಾಗಲಿ. ಬೆಳಗಿನ ಜಾವ ಬೆವತು ಕನವರಿಸಿದರೆ ಕೆಟ್ಟ ಕನಸೆಂದು ಸುಮ್ಮನಿರಬೇಡಿರಿ.

ಇನ್ಸುಲಿನ್ ಬದಲಾದಾಗ ಮರೆಯಬಾರದ ಮತ್ತೊಂದು ಅಪಾಯವುಂಟು. ನಮ್ಮಲ್ಲಿ ಎನ್‌ಪಿಎಚ್ಚಿನ ಬಾಟಲಿ ಸಾಮಾನ್ಯವಾಗಿ ಮಿಲಿಲೀಟರಿಗೆ 40 ಯೂನಿಟಿನದು. ಗ್ಲಾರ್ಜಿನ್ 100 ಯೂನಿಟಿನದು. ಕೆಂಪು ಮುಚ್ಚಳದ ಹಳೆಯ ಸಿರಿಂಜಿನಲ್ಲಿ ಗ್ಲಾರ್ಜಿನ್ನನ್ನು ಅದೇ ಗೆರೆಯವರೆಗೆ ಎಳೆದರೆ ಎರಡೂವರೆ ಪಾಲು ಒಳಸೇರುವುದು. ಕಿತ್ತಳೆ ಮುಚ್ಚಳದ್ದನ್ನು ತಂದ ದಿನವೇ ಹಳೆಯವುಗಳನ್ನು ಮನೆಯಿಂದ ಹೊರಗೆ ಹಾಕಿಸಿರಿ.